ಕೋಟೆಯ ಒಳಗೇನಿದೆ? : ಡಿಸ್ನಿ ಉದ್ಯಾನಗಳ ಕೇಂದ್ರ ಕಟ್ಟಡಗಳು ಮತ್ತು ವದಂತಿಯ ಚರಿತ್ರೆ

ಐತಿಹ್ಯಗಳು ಹಳೆಯ ಕಟ್ಟಡಗಳ ಸುತ್ತಲೇ ಹುಟ್ಟುತ್ತವೆ ಎಂಬುದು ಜಾನಪದ ಅಧ್ಯಯನದಲ್ಲಿ ಬಹುಕಾಲ ಬೇರೂರಿದ್ದ ಭಾವನೆ. ಕಟ್ಟಿಸಿದವರ ಹೆಸರು ಮರೆತುಹೋದ ಗುಡಿ, ಪಾಳುಬಿದ್ದ ಕೋಟೆ, ಬತ್ತಿದ ಕೆರೆ ಇವೇ ಐತಿಹ್ಯದ ಸಹಜ ನೆಲೆಗಳು ಎಂದು ತಿಳಿಯಲಾಗಿತ್ತು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಥೀಮ್ ಪಾರ್ಕುಗಳು ಈ ಭಾವನೆಯನ್ನು ಪ್ರಶ್ನಿಸುತ್ತವೆ. ಅಲ್ಲಿನ ಕೇಂದ್ರ ಕಟ್ಟಡಗಳನ್ನು ಯಾರು, ಯಾವಾಗ, ಯಾವ ಸಾಮಗ್ರಿಯಿಂದ ಕಟ್ಟಿದರು ಎಂಬುದೆಲ್ಲ ದಾಖಲೆಗೊಳಪಟ್ಟಿದೆ. ಆದರೂ ಅವುಗಳ ಸುತ್ತ ವದಂತಿಗಳು ದಟ್ಟವಾಗಿ ಬೆಳೆದಿವೆ. ದಾಖಲೆ ಇರುವೆಡೆಯಲ್ಲಿಯೂ ವದಂತಿ ಏಕೆ ಹುಟ್ಟುತ್ತದೆ ಎಂಬ ಪ್ರಶ್ನೆಗೆ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ಹಾಗೂ ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ ಉದ್ಯಾನಗಳು ಉತ್ತಮ ನಿದರ್ಶನಗಳಾಗಿವೆ.

ನೋಟಕ್ಕಾಗಿ ಕಟ್ಟಿದ ಕೋಟೆ

ಡಿಸ್ನಿಲ್ಯಾಂಡ್ 1955ರ ಜುಲೈ 17ರಂದು ಅನಾಹೈಮ್ ನಗರದಲ್ಲಿ ಆರಂಭವಾಯಿತು. ಉದ್ಯಾನದ ನಡುವೆ ನಿಂತ ‘ಸ್ಲೀಪಿಂಗ್ ಬ್ಯೂಟಿ’ ಕೋಟೆಯ ಎತ್ತರ ಕೇವಲ 77 ಅಡಿ. ಕೆಳಗಿನ ಕಲ್ಲುಗಳನ್ನು ದೊಡ್ಡದಾಗಿಯೂ ಮೇಲಿನವನ್ನು ಕ್ರಮೇಣ ಚಿಕ್ಕದಾಗಿಯೂ ರೂಪಿಸಿ, ಕಟ್ಟಡ ಇರುವುದಕ್ಕಿಂತ ಎತ್ತರವಾಗಿ ಕಾಣುವಂತೆ ಮಾಡಲಾಗಿದೆ. ಯಾವ ಚಲನಚಿತ್ರದ ಹೆಸರನ್ನು ಈ ಕೋಟೆ ಹೊತ್ತಿದೆಯೋ ಆ ಚಿತ್ರ ತೆರೆಕಂಡದ್ದು 1959ರಲ್ಲಿ. ಎಂದರೆ ಕಥೆಗಿಂತ ಮೊದಲೇ ಕಥೆಯ ಕೋಟೆ ಸಿದ್ಧವಾಗಿತ್ತು.

ಇಂತಹ ಕಟ್ಟಡಗಳನ್ನು ವಾಲ್ಟ್ ಡಿಸ್ನಿ ‘ವೀನಿ’ ಎಂದು ಕರೆಯುತ್ತಿದ್ದರು. ನಾಯಿಯನ್ನು ಪುಸಲಾಯಿಸಿ ಕರೆದೊಯ್ಯಲು ಮುಂದೆ ಹಿಡಿಯುವ ಮಾಂಸದ ತುಣುಕು ಎಂಬುದು ಈ ಮಾತಿನ ಹಿಂದಿನ ಚಿತ್ರ. ದೂರದಿಂದ ಕಣ್ಣನ್ನು ಸೆಳೆದು ಜನರನ್ನು ಮುಂದಕ್ಕೆ ನಡೆಸುವುದು ಈ ಕಟ್ಟಡದ ಕೆಲಸವೇ ಹೊರತು ವಾಸಕ್ಕೆ ಎಡೆಕೊಡುವುದಲ್ಲ. ಆರಂಭದಲ್ಲಿ ಕೋಟೆಯ ಮೇಲ್ಭಾಗಕ್ಕೆ ಸಂದರ್ಶಕರಿಗೆ ಪ್ರವೇಶವಿರಲಿಲ್ಲ. 1957ರಲ್ಲಿ ಒಳಗೊಂದು ಕಿರಿದಾದ ಪ್ರದರ್ಶನ ಪಥವನ್ನು ತೆರೆಯಲಾಯಿತು. ಅದೂ 2001ರಿಂದ 2008ರವರೆಗೆ ಮುಚ್ಚಿತ್ತು.

ಈ ಕೋಟೆಗೆ ಮುಖ್ಯ ಪ್ರೇರಣೆಯೆನ್ನಲಾದ ಬವೇರಿಯಾದ ನ್ಯೂಶ್ವಾನ್‌ಸ್ಟೈನ್ ಕೋಟೆಯ ಚರಿತ್ರೆಯೂ ಇಲ್ಲಿ ಗಮನಾರ್ಹ. ದೊರೆ ಎರಡನೆಯ ಲುಡ್ವಿಗ್ 1869ರಲ್ಲಿ ಆರಂಭಿಸಿದ ಆ ಕಟ್ಟಡ ಪೂರ್ಣಗೊಳ್ಳಲಿಲ್ಲ. 1886ರ ಜೂನ್‌ನಲ್ಲಿ ದೊರೆ ಸರೋವರವೊಂದರಲ್ಲಿ ಶವವಾಗಿ ದೊರೆತನು. ಕೆಲವೇ ವಾರಗಳಲ್ಲಿ ಕೋಟೆಯನ್ನು ಸಾರ್ವಜನಿಕರಿಗೆ ತೆರೆಯಲಾಯಿತು. ಅವನ ಸಾವಿನ ಕುರಿತ ವದಂತಿಗಳು ಇಂದಿಗೂ ಅಡಗಿಲ್ಲ. ನೋಟಕ್ಕೆ ಕಟ್ಟಿದ ಕೋಟೆ, ಕಟ್ಟಿಸಿದವನ ಮರಣದ ಸುತ್ತಲಿನ ಮಾತು ಎಂಬ ಜೋಡಣೆ ಡಿಸ್ನಿಗಿಂತ ಹಳೆಯದು.

ಒಳಗಿನ ಕೋಣೆ

ಈ ಕಟ್ಟಡಗಳ ವದಂತಿಗಳನ್ನು ಆಶಯದ ದೃಷ್ಟಿಯಿಂದ ವಿಂಗಡಿಸಿದರೆ ‘ಒಳಗೆ ಏನೋ ಇದೆ’ ಎಂಬುದು ಮೊದಲ ವರ್ಗವಾಗುತ್ತದೆ. 1959ರಲ್ಲಿ ಡಿಸ್ನಿಲ್ಯಾಂಡಿನಲ್ಲಿ ತೆರೆದ ಮ್ಯಾಟರ್‌ಹಾರ್ನ್ ಕೃತಕ ಪರ್ವತ 147 ಅಡಿ ಎತ್ತರವಿದ್ದು, ಆಲ್ಪ್ಸ್ ಶ್ರೇಣಿಯ ಮೂಲ ಶಿಖರದ ನೂರನೆಯ ಒಂದು ಭಾಗದಷ್ಟಿದೆ. ಇದರೊಳಗೆ ಬಾಸ್ಕೆಟ್‌ಬಾಲ್ ಅಂಕಣವಿದೆ ಎಂಬುದು ಬಹುಪ್ರಚಲಿತ ಮಾತು. ಕ್ರೀಡಾಂಗಣಗಳನ್ನು ಬಿಟ್ಟು ಬೇರಾವ ಕಟ್ಟಡವೂ ಇಷ್ಟು ಎತ್ತರವಿರಬಾರದೆಂದು ನಗರದ ನಿಯಮವಿತ್ತು, ಅದನ್ನು ತಪ್ಪಿಸಲು ಅಂಕಣ ನಿರ್ಮಿಸಿದರು ಎಂಬ ಕಾರಣವನ್ನೂ ಕಥನ ಸೇರಿಸುತ್ತದೆ. ಅಂತಹ ನಿಯಮ ಇರಲಿಲ್ಲ. ಆದರೆ ಪರ್ವತದ ಮೇಲ್ಭಾಗದ ಖಾಲಿ ಜಾಗದಲ್ಲಿ ನೌಕರರು ಬಿಡುವಿನಲ್ಲಿ ಆಡಲು ಬಾಸ್ಕೆಟ್‌ಬಾಲ್ ಬುಟ್ಟಿಯೊಂದು ನಿಜವಾಗಿಯೂ ಇತ್ತು. ವಸ್ತು ಸತ್ಯ, ಕಾರಣ ಕಲ್ಪಿತ. ಕಣ್ಣಿಗೆ ಬಿದ್ದ ಸಣ್ಣ ಸಂಗತಿಗೆ ದೊಡ್ಡ ಕಾರಣವನ್ನು ಕಟ್ಟಿಕೊಡುವುದು ಐತಿಹ್ಯದ ಮೂಲಧರ್ಮವೇ ಆಗಿದೆ.

ಫ್ಲಾರಿಡಾದಲ್ಲಿ 1971ರ ಅಕ್ಟೋಬರ್ 1ರಂದು ತೆರೆದ 189 ಅಡಿಯ ‘ಸಿಂಡ್ರೆಲ್ಲಾ’ ಕೋಟೆಯಲ್ಲಿ ವಾಲ್ಟ್ ಡಿಸ್ನಿಯ ರಹಸ್ಯ ನಿವಾಸವಿದೆ ಎಂಬ ಮಾತೂ ಇದೇ ವರ್ಗಕ್ಕೆ ಸೇರುತ್ತದೆ. ಕೋಟೆ ತೆರೆಯುವುದಕ್ಕೆ ಐದು ವರ್ಷ ಮೊದಲೇ ಅವರು ತೀರಿಕೊಂಡಿದ್ದರು. ಅವರ ನಿಜವಾದ ಪುಟ್ಟ ನಿವಾಸ ಇದ್ದುದು ಕ್ಯಾಲಿಫೋರ್ನಿಯಾದಲ್ಲಿ, ಡಿಸ್ನಿಲ್ಯಾಂಡಿನ ಮುಖ್ಯಬೀದಿಯ ಅಗ್ನಿಶಾಮಕ ಠಾಣೆಯ ಮೇಲಂತಸ್ತಿನಲ್ಲಿ. ವದಂತಿಯು ಆ ಕೋಣೆಯನ್ನು ಠಾಣೆಯಿಂದ ಕೋಟೆಗೆ, ಒಂದು ಉದ್ಯಾನದಿಂದ ಇನ್ನೊಂದಕ್ಕೆ ಸ್ಥಳಾಂತರಿಸಿತು. ಒಡೆಯನ ಮನೆ ಕೇಂದ್ರದಲ್ಲಿಯೇ ಇರಬೇಕೆಂಬುದು ಕಥನದ ತರ್ಕ.

ಬಿಚ್ಚಿಡಬಹುದಾದ ಕೋಟೆ

ಚಂಡಮಾರುತ ಬರುವ ಸೂಚನೆ ಸಿಕ್ಕೊಡನೆ ಸಿಂಡ್ರೆಲ್ಲಾ ಕೋಟೆಯನ್ನು ಬಿಡಿಭಾಗಗಳಾಗಿ ಬಿಚ್ಚಿ ಒಳಗಿಡುತ್ತಾರೆ ಎಂಬುದು ಎರಡನೆಯ ವರ್ಗದ ವದಂತಿ. ಉಕ್ಕಿನ ಚೌಕಟ್ಟು ಮತ್ತು ಕಾಂಕ್ರೀಟಿನ ಗೋಡೆಗಳ ಮೇಲೆ ಫೈಬರ್‌ಗ್ಲಾಸಿನ ಹೊದಿಕೆಯುಳ್ಳ ಕಟ್ಟಡವಿದು, ಬಿಚ್ಚುವಂಥದಲ್ಲ. 2004ರ ಚಾರ್ಲಿ, 2022ರ ಇಯಾನ್, 2024ರ ಮಿಲ್ಟನ್ ಚಂಡಮಾರುತಗಳಲ್ಲಿ ಉದ್ಯಾನ ಮುಚ್ಚಿತು, ಕೋಟೆ ನಿಂತೇ ಇತ್ತು. ಸಮೀಪದ ಕಂಟೆಂಪರರಿ ಹೋಟೆಲಿನ ಕೊಠಡಿಗಳನ್ನು ಬೇರೆಡೆ ಸಿದ್ಧಪಡಿಸಿ, ಕ್ರೇನಿನಿಂದ ಎತ್ತಿ ಚೌಕಟ್ಟಿನೊಳಗೆ ಕೂರಿಸಿದ್ದು ನಿಜ. ಆ ನೆನಪು ಈ ವದಂತಿಗೆ ನೀರೆರೆದಿರುವ ಸಾಧ್ಯತೆಯಿದೆ. ಇದಕ್ಕಿಂತ ಮುಖ್ಯವಾದುದು ವದಂತಿಯೊಳಗಿನ ವಿಮರ್ಶೆ. ಈ ಕೋಟೆ ಆಟಿಕೆಯೇ ಹೊರತು ಕೋಟೆಯಲ್ಲ ಎಂಬುದನ್ನು ಜನರು ಕಥನದ ಮೂಲಕವೇ ನುಡಿಯುತ್ತಿದ್ದಾರೆ.

ಡಿಸ್ನಿಲ್ಯಾಂಡಿನ ಕೋಟೆಯ ಹಿಂಬದಿಯ ನೆಲದಲ್ಲಿರುವ ಹೊಂಬಣ್ಣದ ಮೊಳೆಯ ಕಥೆಯಾದರೋ ಇದಕ್ಕೆ ಪ್ರತಿಯಾದುದು. ಅದು ಉದ್ಯಾನದ ನಟ್ಟನಡುವಿನ ಬಿಂದು ಎಂಬುದು ಪ್ರತೀತಿ. ಭೂಮಾಪನದ ಗುರುತು ಎಂಬ ಸರಳ ವಿವರಣೆಯನ್ನು ಜನರು ಅಷ್ಟಾಗಿ ಒಪ್ಪುವುದಿಲ್ಲ. ಉದ್ಯಾನದ ಸೀಮೆ ಕಾಲಕಾಲಕ್ಕೆ ವಿಸ್ತರಿಸಿದೆ. ಮೊಳೆ ಮಾತ್ರ ಕಥನದಲ್ಲಿ ಕೇಂದ್ರವಾಗಿಯೇ ಉಳಿದಿದೆ.

ಕೆಳಗಿನ ದೇಹ

ವಾಲ್ಟ್ ಡಿಸ್ನಿಯ ದೇಹವನ್ನು ಹೆಪ್ಪುಗಟ್ಟಿಸಿ ಉದ್ಯಾನದ ಕೆಳಗೆ ಇರಿಸಲಾಗಿದೆ ಎಂಬುದು ಎಲ್ಲಕ್ಕಿಂತ ಪ್ರಬಲವಾದ ವದಂತಿ. ಕೆಲವು ಪಾಠಗಳಲ್ಲಿ ಆ ಸ್ಥಳ ‘ಪೈರೇಟ್ಸ್ ಆಫ್ ದಿ ಕೆರಿಬಿಯನ್’ ವಿಹಾರದ ಅಡಿ. ಇನ್ನು ಕೆಲವದರಲ್ಲಿ ಕೋಟೆಯ ಅಡಿ. ಅವರು ನಿಧನರಾದದ್ದು 1966ರ ಡಿಸೆಂಬರ್ 15ರಂದು. ಎರಡು ದಿನಗಳ ಬಳಿಕ ದಹನವಾಯಿತು. ಚಿತಾಭಸ್ಮ ಗ್ಲೆಂಡೇಲಿನ ಫಾರೆಸ್ಟ್ ಲಾನ್ ಸ್ಮಶಾನದಲ್ಲಿದೆ. ಅಂತ್ಯಕ್ರಿಯೆ ಖಾಸಗಿಯಾಗಿ ನಡೆದುದರಿಂದ ಜನರ ಪಾಲಿಗೆ ಅದೊಂದು ಕಾಣದ ಘಟನೆಯಾಯಿತು. 1967ರ ಜನವರಿ 12ರಂದು ಕ್ಯಾಲಿಫೋರ್ನಿಯಾದಲ್ಲಿಯೇ ಜೇಮ್ಸ್ ಬೆಡ್‌ಫೋರ್ಡ್ ಎಂಬುವರ ದೇಹವನ್ನು ಮೊದಲ ಬಾರಿಗೆ ಹೆಪ್ಪುಗಟ್ಟಿಸಿ ಕಾಪಿಡಲಾಯಿತು. ಮಾರ್ಚ್ ತಿಂಗಳಲ್ಲಿ ಪೈರೇಟ್ಸ್ ವಿಹಾರ ತೆರೆಯಿತು. ನಾಲ್ಕು ತಿಂಗಳೊಳಗಿನ ಈ ಮೂರು ಘಟನೆಗಳನ್ನು ಜನಕಲ್ಪನೆ ಒಂದೇ ದಾರದಲ್ಲಿ ಪೋಣಿಸಿತು.

ಕಟ್ಟಡ ನಿಲ್ಲಲು ಅದರ ಬುಡದಲ್ಲಿ ಒಂದು ಜೀವವಿರಬೇಕು ಎಂಬುದು ಜಗತ್ತಿನ ಅನೇಕ ಜನಪದಗಳ ಆಶಯ. ಕನ್ನಡದ ‘ಕೆರೆಗೆ ಹಾರ’ ಕಥನಗೀತೆ ಇದಕ್ಕೆ ಸುಪರಿಚಿತ ಉದಾಹರಣೆ. ಎರಡಕ್ಕೂ ನೇರ ಸಂಬಂಧವಿಲ್ಲ, ಆದರೆ ವ್ಯತ್ಯಾಸ ಅರ್ಥಪೂರ್ಣ. ಅಲ್ಲಿ ಕಟ್ಟಿಸಿದವನ ಮನೆಯ ಕಿರಿಸೊಸೆ ಬಲಿಯಾಗುತ್ತಾಳೆ. ಇಲ್ಲಿ ಕಟ್ಟಿಸಿದವನೇ ಬುಡದಲ್ಲಿದ್ದಾನೆ. ಅಲ್ಲಿ ಸಾವು ಅಂತಿಮ; ಇಲ್ಲಿ ಒಡೆಯ ಎದ್ದುಬರಲು ಕಾದಿದ್ದಾನೆ. ಸ್ಥಾಪಕನಿಲ್ಲದೆಯೂ ಸಂಸ್ಥೆ ಮುಂದುವರಿಯುವ ಆಧುನಿಕ ವ್ಯವಸ್ಥೆಯನ್ನು ಜನಮನಸ್ಸು ಒಪ್ಪದಿರುವುದನ್ನು ಇಲ್ಲಿ ಕಾಣಬಹುದು.

ವದಂತಿಯ ಒಡೆತನ

ಆಲ್ಪೋರ್ಟ್ ಮತ್ತು ಪೋಸ್ಟ್‌ಮನ್ 1947ರ ತಮ್ಮ ಗ್ರಂಥದಲ್ಲಿ ವಿಷಯದ ಮಹತ್ವ ಹಾಗೂ ಅಸ್ಪಷ್ಟತೆ ಎರಡೂ ಕೂಡಿದಾಗ ವದಂತಿ ಹರಡುತ್ತದೆ ಎಂದು ಪ್ರತಿಪಾದಿಸಿದರು. ಥೀಮ್ ಪಾರ್ಕಿನ ಕೇಂದ್ರ ಕಟ್ಟಡ ಇವೆರಡನ್ನೂ ಉದ್ದೇಶಪೂರ್ವಕವಾಗಿ ಸೃಷ್ಟಿಸುತ್ತದೆ. ಎಲ್ಲ ದಿಕ್ಕಿನಿಂದಲೂ ಕಾಣಿಸುವುದರಿಂದ ಅದು ಮುಖ್ಯ. ಒಳಹೊಗಲು ಬಿಡದಿರುವುದರಿಂದ ಅದು ಅಸ್ಪಷ್ಟ. ಕಟ್ಟಿದವರು ಒಳಾಂಗಣವನ್ನು ಕೊಡಲಿಲ್ಲ. ಜನರು ಅದನ್ನು ಮಾತಿನಿಂದ ಕಟ್ಟಿಕೊಂಡರು.

ಸಂದರ್ಶಕನು ಚೀಟಿ ಕೊಂಡು ಒಳಬರುತ್ತಾನೆ. ಅಲ್ಲಿನ ಬೀದಿ, ಕಥೆ, ಸಂಗೀತ ಯಾವುದೂ ಅವನದಲ್ಲ. ಎಲ್ಲದರ ಹಕ್ಕೂ ಸಂಸ್ಥೆಯದು. ಅವನು ಹಣ ತೆರದೆ ಪಡೆದು ಇನ್ನೊಬ್ಬರಿಗೆ ದಾಟಿಸಬಲ್ಲುದು ವದಂತಿಯೊಂದನ್ನೇ. ಆದರೆ 2006ರಲ್ಲಿ ಆರಂಭವಾದ ಪ್ರಚಾರ ಯೋಜನೆಯೊಂದರ ಅಂಗವಾಗಿ ಸಂಸ್ಥೆ ಸಿಂಡ್ರೆಲ್ಲಾ ಕೋಟೆಯ ಬಳಸದ ಜಾಗವನ್ನು ವೈಭವದ ವಸತಿಯಾಗಿ ಮಾರ್ಪಡಿಸಿ, ಆಯ್ದ ಅತಿಥಿಗಳಿಗೆ ಒಂದು ರಾತ್ರಿಯ ವಾಸವನ್ನು ಬಹುಮಾನವಾಗಿ ನೀಡತೊಡಗಿತು. ಜನರ ಕಥನದಲ್ಲಿದ್ದ ಕೋಣೆ ಹೀಗೆ ಸಂಸ್ಥೆಯ ಜಾಹೀರಾತಿನ ವಸ್ತುವಾಯಿತು.

ಆದ್ದರಿಂದ ಇಂತಹ ವದಂತಿಗಳನ್ನು ಸತ್ಯ, ಸುಳ್ಳು ಎಂದು ತೂಗಿ ಕೈಬಿಡುವುದು ಸಾಲದು. ಸಂಸ್ಥೆಯ ದಾಖಲೆ ಕಟ್ಟಡದ ಚರಿತ್ರೆಯನ್ನು ಹೇಳುತ್ತದೆ. ವದಂತಿಯು ಕಟ್ಟಡದ ಎದುರು ನಿಂತ ಜನರ ಚರಿತ್ರೆಯನ್ನು ಹೇಳುತ್ತದೆ. ಮೊದಲನೆಯದನ್ನು ಕಾಪಾಡಲು ಸಂಸ್ಥೆಯೇ ಇದೆ. ಎರಡನೆಯದನ್ನು, ಅದು ಜಾಹೀರಾತಿನಲ್ಲಿ ಕರಗಿಹೋಗುವ ಮುನ್ನ, ಸಂಗ್ರಹಿಸಿಡಬೇಕಾದ ಹೊಣೆ ಜಾನಪದ ಅಧ್ಯಯನದ ಮೇಲಿದೆ.