ಕಾರಿನೊಳಗಿನ ಕಪ್ಪು ಪೆಟ್ಟಿಗೆ: ಅಪಘಾತದ ದಾಖಲೆ ಪಡೆಯುವ ಬಗೆ

ವಿಮಾನ ದುರಂತ ಸಂಭವಿಸಿದೊಡನೆ ತನಿಖಾಧಿಕಾರಿಗಳು ಮೊದಲು ಹುಡುಕುವುದು 'ಕಪ್ಪು ಪೆಟ್ಟಿಗೆ'ಯನ್ನು. ಅದನ್ನು ಹೋಲುವ ವ್ಯವಸ್ಥೆಯೊಂದು ಏರ್‌ಬ್ಯಾಗ್ ಹೊಂದಿರುವ ಅನೇಕ ಕಾರುಗಳಲ್ಲಿಯೂ ಇದೆ ಎಂಬುದು ಬಹಳಷ್ಟು ಮಾಲೀಕರಿಗೆ ತಿಳಿದಿರುವುದಿಲ್ಲ. 'ಇವೆಂಟ್ ಡೇಟಾ ರೆಕಾರ್ಡರ್', ಸಂಕ್ಷಿಪ್ತವಾಗಿ 'ಇಡಿಆರ್' ಎಂದು ಕರೆಯಲಾಗುವ ಈ ವ್ಯವಸ್ಥೆಯು ಅಪಘಾತಕ್ಕೆ ಮುಂಚಿನ ಕೆಲವೇ ಸೆಕೆಂಡುಗಳಲ್ಲಿ ಕಾರು ಎಷ್ಟು ವೇಗದಲ್ಲಿತ್ತು, ಚಾಲಕ ಬ್ರೇಕ್ ತುಳಿದಿದ್ದನೇ, ಸೀಟ್ ಬೆಲ್ಟ್ ಧರಿಸಿದ್ದನೇ ಎಂಬುದನ್ನು ದಾಖಲಿಸಿಡುತ್ತದೆ. ನಡುರಾತ್ರಿ, ಜನಸಂಚಾರವಿಲ್ಲದ ಹೆದ್ದಾರಿಯಲ್ಲಿ ನಡೆದ ಅಪಘಾತಕ್ಕೆ ಇದೊಂದೇ ಸಾಕ್ಷಿಯಾಗಿ ಉಳಿಯುವ ಸಂಭವವೂ ಉಂಟು. ಆದರೆ ಸಕಾಲದಲ್ಲಿ ಕೇಳಿದವರಿಗೆ ಮಾತ್ರ ಈ ಸಾಕ್ಷ್ಯ ದೊರೆಯುತ್ತದೆ. ತಡವಾದರೆ ಅದು ಗುಜರಿ ಅಂಗಡಿಯ ಪಾಲಾಗುತ್ತದೆ.

ಪೆಟ್ಟಿಗೆ ಇರುವುದೆಲ್ಲಿ?

ವಾಸ್ತವದಲ್ಲಿ ಇದು ಪ್ರತ್ಯೇಕವಾದ ಪೆಟ್ಟಿಗೆಯಲ್ಲ. ಏರ್‌ಬ್ಯಾಗ್ ಬಿಚ್ಚಿಕೊಳ್ಳಬೇಕೇ ಬೇಡವೇ ಎಂದು ನಿರ್ಧರಿಸುವ ನಿಯಂತ್ರಣ ಘಟಕದ ಸ್ಮೃತಿಯ ಒಂದು ಭಾಗವೇ ಇಡಿಆರ್. ಸಾಮಾನ್ಯವಾಗಿ ಈ ಘಟಕವನ್ನು ಮುಂದಿನ ಎರಡು ಆಸನಗಳ ನಡುವೆ, ಗೇರ್ ಇರುವ ಭಾಗದ ಕೆಳಗೆ, ಕಾರಿನ ತಳಕ್ಕೆ ಭದ್ರವಾಗಿ ಬಿಗಿದಿರಲಾಗುತ್ತದೆ.

ಕಾರು ಚಲಿಸುತ್ತಿರುವಾಗ ವೇಗ, ಬ್ರೇಕ್, ಆಕ್ಸಿಲರೇಟರ್ ಮುಂತಾದವುಗಳ ಮಾಹಿತಿ ಈ ಘಟಕಕ್ಕೆ ನಿರಂತರವಾಗಿ ಹರಿದುಬರುತ್ತಿರುತ್ತದೆ. ಹೊಸ ಮಾಹಿತಿ ಬಂದಂತೆ ಹಳೆಯದು ಅಳಿಸಿಹೋಗುತ್ತದೆ. ತೀವ್ರವಾದ ಆಘಾತ ಉಂಟಾದಾಗ ಮಾತ್ರ ಕೊನೆಯ ಕೆಲವು ಸೆಕೆಂಡುಗಳ ಮಾಹಿತಿ ಶಾಶ್ವತ ಸ್ಮೃತಿಗೆ ವರ್ಗವಾಗುತ್ತದೆ. ಅಮೆರಿಕದ ನಿಯಮದ ಪ್ರಕಾರ 150 ಮಿಲಿಸೆಕೆಂಡುಗಳೊಳಗೆ ಕಾರಿನ ವೇಗದಲ್ಲಿ ಗಂಟೆಗೆ 8 ಕಿ.ಮೀ.ಗೂ ಹೆಚ್ಚಿನ ಬದಲಾವಣೆಯಾದರೆ ಅದನ್ನು ಒಂದು 'ಘಟನೆ' ಎಂದು ಪರಿಗಣಿಸಲಾಗುತ್ತದೆ. ಆದುದರಿಂದ ಏರ್‌ಬ್ಯಾಗ್ ಬಿಚ್ಚಿಕೊಳ್ಳದ ಅಪಘಾತಗಳ ದಾಖಲೆಯೂ ಲಭ್ಯವಿರಬಹುದು. ಏರ್‌ಬ್ಯಾಗ್ ಬಿಚ್ಚಿಕೊಂಡ ಘಟನೆಯ ದಾಖಲೆಯನ್ನು ಘಟಕವು ಬೀಗ ಹಾಕಿದಂತೆ ಕಾಪಾಡುತ್ತದೆ. ಬಿಚ್ಚಿಕೊಳ್ಳದ ಘಟನೆಯ ದಾಖಲೆಯಾದರೋ ಮುಂದಿನ ಮತ್ತೊಂದು ಆಘಾತದಿಂದ ಅಳಿಸಿಹೋಗಬಹುದು.

ಬೆಳೆದುಬಂದ ದಾರಿ

ಜನರಲ್ ಮೋಟಾರ್ಸ್ ಕಂಪನಿಯು 1994ರ ಮಾದರಿಗಳಿಂದ ಆಘಾತದ ತೀವ್ರತೆಯನ್ನು ದಾಖಲಿಸತೊಡಗಿತು. 1999ರ ಕೆಲವು ಮಾದರಿಗಳಲ್ಲಿ ಅಪಘಾತಪೂರ್ವದ ಐದು ಸೆಕೆಂಡುಗಳ ಮಾಹಿತಿಯೂ ಸೇರಿತು. ಈ ದಾಖಲೆಯನ್ನು ಕಂಪನಿಯ ಹೊರಗಿನವರೂ ಓದಬಲ್ಲ 'ಸಿಡಿಆರ್' ಎಂಬ ಉಪಕರಣವನ್ನು ವೆಟ್ರಾನಿಕ್ಸ್ ಎಂಬ ಸಂಸ್ಥೆ 2000ದಲ್ಲಿ ಮಾರುಕಟ್ಟೆಗೆ ತಂದಿತು. 2003ರಲ್ಲಿ ಆ ಸಂಸ್ಥೆಯನ್ನು ಜರ್ಮನಿಯ ಬಾಷ್ ಕಂಪನಿ ಕೊಂಡುಕೊಂಡಿತು.

ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತವು 2006ರ ಆಗಸ್ಟ್‌ನಲ್ಲಿ ರೂಪಿಸಿದ ನಿಯಮ 2012ರ ಸೆಪ್ಟೆಂಬರ್ 1ರಿಂದ ತಯಾರಾದ ಕಾರುಗಳಿಗೆ ಅನ್ವಯವಾಯಿತು. ಇಡಿಆರ್ ಅಳವಡಿಸಲೇಬೇಕೆಂದು ಈ ನಿಯಮ ಹೇಳುವುದಿಲ್ಲ. ಅಳವಡಿಸಿದಲ್ಲಿ ಕನಿಷ್ಠ 15 ಅಂಶಗಳನ್ನು ದಾಖಲಿಸಬೇಕು, ಓದುವ ಉಪಕರಣ ಮಾರುಕಟ್ಟೆಯಲ್ಲಿ ದೊರೆಯುವಂತಿರಬೇಕು, ಮಾಲೀಕರ ಕೈಪಿಡಿಯಲ್ಲಿ ಅದರ ಉಲ್ಲೇಖವಿರಬೇಕು ಎಂದು ವಿಧಿಸುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2022ರ ಜುಲೈನಿಂದ ಹೊಸ ಮಾದರಿಗಳಿಗೆ, 2024ರ ಜುಲೈನಿಂದ ಎಲ್ಲ ಹೊಸ ಕಾರುಗಳಿಗೆ ಇಡಿಆರ್ ಕಡ್ಡಾಯವಾಯಿತು. ದಾಖಲೆಯ ಅವಧಿಯನ್ನು 5ರಿಂದ 20 ಸೆಕೆಂಡುಗಳಿಗೆ ಹೆಚ್ಚಿಸುವ ಹೊಸ ನಿಯಮವನ್ನು ಅಮೆರಿಕ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು.

ಏನಿರುತ್ತದೆ, ಏನಿರುವುದಿಲ್ಲ

ಅಪಘಾತಕ್ಕೆ ಮುಂಚಿನ ಐದು ಸೆಕೆಂಡುಗಳಲ್ಲಿ ಪ್ರತಿ ಅರ್ಧ ಸೆಕೆಂಡಿಗೊಮ್ಮೆ ಕಾರಿನ ವೇಗ, ಆಕ್ಸಿಲರೇಟರ್ ಒತ್ತಿದ ಪ್ರಮಾಣ ಹಾಗೂ ಬ್ರೇಕ್ ತುಳಿದದ್ದು ಅಥವಾ ತುಳಿಯದಿದ್ದುದು, ಚಾಲಕನ ಸೀಟ್ ಬೆಲ್ಟಿನ ಸ್ಥಿತಿ, ಏರ್‌ಬ್ಯಾಗ್ ಎಚ್ಚರಿಕೆಯ ದೀಪ ಉರಿಯುತ್ತಿತ್ತೇ ಎಂಬುದು, ಡಿಕ್ಕಿಯ ನಂತರ ಎಷ್ಟು ಮಿಲಿಸೆಕೆಂಡಿಗೆ ಏರ್‌ಬ್ಯಾಗ್ ಬಿಚ್ಚಿಕೊಂಡಿತು ಎಂಬುದು, ಡಿಕ್ಕಿಯಿಂದ ವೇಗ ಎಷ್ಟು ಕುಗ್ಗಿತು ಎಂಬುದು - ಇವು ಮುಖ್ಯ ಅಂಶಗಳು. ಕೆಲವು ಮಾದರಿಗಳಲ್ಲಿ ಎಂಜಿನ್ನಿನ ಸುತ್ತುಗಳು, ಸ್ಟೀರಿಂಗ್ ತಿರುಗಿದ ಕೋನ ಮುಂತಾದವೂ ಇರುತ್ತವೆ.

ಇಡಿಆರ್ ಮಾತುಕತೆಯನ್ನು ದಾಖಲಿಸುವುದಿಲ್ಲ, ಚಿತ್ರ ತೆಗೆಯುವುದಿಲ್ಲ. ಚಕ್ರದ ಹಿಂದೆ ಕುಳಿತವರು ಯಾರೆಂಬುದನ್ನೂ ಹೇಳಲಾರದು. ಹಿಂದಿನ ದಿನದ ಪ್ರಯಾಣದ ವೇಗವನ್ನು ಅದರಿಂದ ತಿಳಿಯಲಾಗದು. ಅಮೆರಿಕದ ನಿಯಮವು ವಿಧಿಸಿದ ಅಂಶಗಳಲ್ಲಿ ದಿನಾಂಕ, ಗಡಿಯಾರದ ವೇಳೆ, ಸ್ಥಳ ಇವು ಇಲ್ಲ.

ಬೇರೆ ಬೇರೆ ಉಗ್ರಾಣಗಳು

'ಕಾರಿನ ಕಂಪ್ಯೂಟರ್' ಎಂದು ಒಂದೇ ಮಾತಿನಲ್ಲಿ ಹೇಳುವುದರಿಂದ ಗೊಂದಲವಾಗುವುದುಂಟು. ಮಾಹಿತಿ ಸಂಗ್ರಹವಾಗುವ ತಾಣಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು ಏರ್‌ಬ್ಯಾಗ್ ಘಟಕದಲ್ಲಿರುವ ಇಡಿಆರ್. ಎರಡನೆಯದು ಎಂಜಿನ್ ನಿಯಂತ್ರಣ ಘಟಕ. ದೋಷ ಕಂಡುಬಂದ ಕ್ಷಣದಲ್ಲಿ ಎಂಜಿನ್ನಿನ ಸ್ಥಿತಿ ಹೇಗಿತ್ತು ಎಂಬ ಒಂದು ತುಣುಕು ಮಾಹಿತಿಯನ್ನು ಅದು ದೋಷ ಸಂಕೇತದೊಂದಿಗೆ ಉಳಿಸಿಕೊಳ್ಳುತ್ತದೆ. ಮೆಕ್ಯಾನಿಕ್ ಆ ಸಂಕೇತವನ್ನು ಅಳಿಸಿದರೆ ಈ ಮಾಹಿತಿಯೂ ಹೋಗುತ್ತದೆ. ಮೂರನೆಯದು ಡ್ಯಾಶ್‌ಬೋರ್ಡಿನ ಪರದೆಯ ಹಿಂದಿರುವ ಮನರಂಜನಾ ಘಟಕ. ಜೋಡಿಸಿದ ಮೊಬೈಲ್‌ಗಳ ವಿವರ, ಕರೆಗಳ ಪಟ್ಟಿ, ಸಾಗಿದ ದಾರಿಯ ಗುರುತು ಅಲ್ಲಿ ಸಿಗಬಹುದು. ನಾಲ್ಕನೆಯದು ಕಾರಿನ ಹೊರಗೆ ಇದೆ. ಸಿಮ್ ಅಳವಡಿಸಿದ 'ಕನೆಕ್ಟೆಡ್' ಕಾರುಗಳ ಮಾಹಿತಿ ಕಂಪನಿಯ ಸರ್ವರ್ ಸೇರುತ್ತದೆ.

ಸ್ಟೀರಿಂಗ್ ಕೆಳಗಿರುವ 16 ಪಿನ್‌ಗಳ 'ಒಬಿಡಿ' ಸಂಪರ್ಕ ಕೊಂಡಿಗೆ ಜೋಡಿಸುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್‌ನಿಂದ ಅಪಘಾತದ ದಾಖಲೆ ತೆಗೆಯಬಹುದೆಂಬ ನಂಬಿಕೆ ಸಾಮಾನ್ಯ. ಇದು ಸರಿಯಲ್ಲ. ಅಂಥ ಸ್ಕ್ಯಾನರ್ ಎಂಜಿನ್ನಿನ ದೋಷ ಸಂಕೇತಗಳನ್ನೂ ಆ ಕ್ಷಣದ ಮಾಹಿತಿಯನ್ನೂ ತೋರಿಸುತ್ತದೆಯೇ ಹೊರತು ಇಡಿಆರ್ ಸ್ಮೃತಿಯನ್ನು ಓದಲಾರದು.

ಓದುವ ಕ್ರಮ

ದಾಖಲೆ ಪಡೆಯಲು ಎರಡು ದಾರಿಗಳಿವೆ. ಕಾರಿನ ವಿದ್ಯುತ್ ವ್ಯವಸ್ಥೆ ಸುಸ್ಥಿತಿಯಲ್ಲಿದ್ದರೆ ತಜ್ಞರು ತಮ್ಮ ಉಪಕರಣವನ್ನು ಒಬಿಡಿ ಕೊಂಡಿಗೆ ಜೋಡಿಸಿ ಓದುತ್ತಾರೆ. ಕಾರು ನಜ್ಜುಗುಜ್ಜಾಗಿದ್ದರೆ ಏರ್‌ಬ್ಯಾಗ್ ಘಟಕಕ್ಕೇ ನೇರವಾಗಿ ತಂತಿ ಜೋಡಿಸಬೇಕಾಗುತ್ತದೆ. ಬಾಷ್‌ನ ಉಪಕರಣ ಅನೇಕ ತಯಾರಕರ ಕಾರುಗಳಿಗೆ ಹೊಂದುತ್ತದೆಯಾದರೂ ಎಲ್ಲ ದೇಶಗಳ ಎಲ್ಲ ಮಾದರಿಗಳನ್ನೂ ಓದುವುದಿಲ್ಲ. ಹ್ಯುಂಡೈ, ಕಿಯಾ, ಟೆಸ್ಲಾ ಮುಂತಾದ ಕಂಪನಿಗಳ ಕಾರುಗಳಿಗೆ ಪ್ರತ್ಯೇಕ ಉಪಕರಣಗಳಿವೆ. ಯಾವ ಉಪಕರಣವೂ ಹೊಂದದಿದ್ದಾಗ ತಯಾರಕರೇ ಓದಿಕೊಡಬೇಕು.

ಇಲ್ಲಿ ಎಚ್ಚರಿಕೆ ಅಗತ್ಯ. ಹೊರತೆಗೆದ ಘಟಕಕ್ಕೆ ವಿದ್ಯುತ್ ನೀಡಿ ಅದನ್ನು ಅಲುಗಿಸಿದರೆ ಇಲ್ಲದ 'ಘಟನೆ'ಯೊಂದು ದಾಖಲಾಗಿ ನಿಜವಾದ ದಾಖಲೆಗೆ ಧಕ್ಕೆಯಾಗಬಹುದು. ಅಪಘಾತಕ್ಕೀಡಾದ ಕಾರಿನ ಕೀಲಿಯನ್ನು ಪದೇ ಪದೇ ತಿರುಗಿಸುವುದೂ ಒಳ್ಳೆಯದಲ್ಲ.

ಹೇಳಿಕೆ ಮತ್ತು ದಾಖಲೆ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಅಂದಿನ ಲೆಫ್ಟಿನೆಂಟ್ ಗವರ್ನರ್ ಟಿಮೊಥಿ ಮರ್ರೆ 2011ರ ನವೆಂಬರ್‌ನಲ್ಲಿ ಚಲಾಯಿಸುತ್ತಿದ್ದ ಸರ್ಕಾರಿ ಕಾರು ಹೆದ್ದಾರಿಯಲ್ಲಿ ಅಪಘಾತಕ್ಕೀಡಾಯಿತು. ಮಂಜುಗಟ್ಟಿದ ರಸ್ತೆಯಲ್ಲಿ ಕಾರು ಜಾರಿತೆಂದೂ ತಾವು ಸೀಟ್ ಬೆಲ್ಟ್ ಧರಿಸಿದ್ದುದಾಗಿಯೂ ಅವರು ಮೊದಲು ತಿಳಿಸಿದ್ದರು. ಆದರೆ ಕಾರಿನ ದಾಖಲೆಯಲ್ಲಿ ವೇಗ ಗಂಟೆಗೆ 108 ಮೈಲಿ, ಅಂದರೆ ಸುಮಾರು 174 ಕಿ.ಮೀ. ಇತ್ತು. ಬೆಲ್ಟ್ ಧರಿಸಿರಲಿಲ್ಲವೆಂದೂ ಅದರಿಂದ ತಿಳಿದುಬಂತು. ಬಹುಶಃ ನಿದ್ದೆ ಹತ್ತಿರಬಹುದೆಂದು ಅವರು ಬಳಿಕ ಹೇಳಿದರು.

ದಾಖಲೆಯು ಚಾಲಕನ ಪರವಾಗಿಯೂ ನುಡಿಯಬಲ್ಲದು. ಮಿತವೇಗದಲ್ಲಿದ್ದು, ಎದುರಿನ ಅಪಾಯ ಕಂಡೊಡನೆ ಬ್ರೇಕ್ ತುಳಿದವನ ಮೇಲೆ ಅತಿವೇಗದ ಆರೋಪ ಬಂದರೆ ಆತನನ್ನು ಕಾಪಾಡುವುದೂ ಇದೇ ದಾಖಲೆ.

ಯಾರ ಸ್ವತ್ತು?

ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2004ರ ಜುಲೈನಿಂದ ಜಾರಿಗೆ ಬಂದ ಕಾನೂನು ಮಾಲೀಕರ ಒಪ್ಪಿಗೆಯಿಲ್ಲದೆ ದಾಖಲೆ ತೆಗೆಯುವುದನ್ನು ನಿರ್ಬಂಧಿಸಿತು. 2015ರ ಚಾಲಕ ಖಾಸಗಿತನ ಕಾಯಿದೆಯ ಮೂಲಕ ಅಮೆರಿಕದ ಕೇಂದ್ರ ಸರ್ಕಾರವೂ ಇಡಿಆರ್ ಮಾಹಿತಿ ಕಾರಿನ ಮಾಲೀಕರದು ಅಥವಾ ಗುತ್ತಿಗೆಗೆ ಪಡೆದವರದು ಎಂದು ಸ್ಪಷ್ಟಪಡಿಸಿತು. ನ್ಯಾಯಾಲಯದ ಆದೇಶ, ಮಾಲೀಕರ ಒಪ್ಪಿಗೆ, ತುರ್ತು ವೈದ್ಯಕೀಯ ನೆರವು ಮುಂತಾದ ಕೆಲವೇ ಸಂದರ್ಭಗಳಲ್ಲಿ ಇತರರು ಅದನ್ನು ಪಡೆಯಬಹುದು. ವಾರಂಟ್ ಇಲ್ಲದೆ ಪೊಲೀಸರು ದಾಖಲೆ ತೆಗೆದದ್ದು ಸಂವಿಧಾನಬಾಹಿರವೆಂದು ಜಾರ್ಜಿಯಾ ರಾಜ್ಯದ ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ತೀರ್ಪಿತ್ತಿತು. ಐರೋಪ್ಯ ಒಕ್ಕೂಟವು ಬೇರೆಯೇ ಮಾರ್ಗ ಹಿಡಿದಿದೆ. ಅಲ್ಲಿನ ನಿಯಮದಂತೆ ಮಾಲೀಕರ ಗುರುತು ಹತ್ತದಂತೆ ದಾಖಲೆ ಇರಬೇಕು. ಅಪಘಾತಗಳ ಸಂಶೋಧನೆಗೆ ಅದು ಲಭ್ಯವಾಗಬೇಕು.

ಭಾರತದಲ್ಲಿ

ಭಾರತದಲ್ಲಿ ಚಾಲಕನ ಏರ್‌ಬ್ಯಾಗ್ 2019ರ ಜುಲೈ 1ರಿಂದ ಕಡ್ಡಾಯವಾಯಿತು. ಪಕ್ಕದ ಪ್ರಯಾಣಿಕರ ಏರ್‌ಬ್ಯಾಗ್ ಹೊಸ ಮಾದರಿಗಳಿಗೆ 2021ರ ಏಪ್ರಿಲ್ 1ರಿಂದ ಕಡ್ಡಾಯವಾಯಿತು. ಏರ್‌ಬ್ಯಾಗ್‌ನೊಡನೆ ಅದರ ನಿಯಂತ್ರಣ ಘಟಕವೂ ಕಾರನ್ನು ಸೇರುತ್ತದೆ. ಆದರೆ ಅದರಲ್ಲಿ ಏನು ದಾಖಲಾಗುತ್ತದೆ, ಯಾವ ಉಪಕರಣ ಅದನ್ನು ಓದಬಲ್ಲದು ಎಂಬುದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ವಾಣಿಜ್ಯ ಪ್ರಯಾಣಿಕ ವಾಹನಗಳಲ್ಲಿ ಅಳವಡಿಸುವ ಸ್ಥಳಪತ್ತೆ ಸಾಧನ ಹಾಗೂ ತುರ್ತು ಗುಂಡಿಯನ್ನು ಇಡಿಆರ್ ಎಂದು ತಿಳಿಯಬಾರದು. ಅವು ವಾಹನ ಇರುವ ಸ್ಥಳವನ್ನು ತಿಳಿಸುವ ಬೇರೆ ವ್ಯವಸ್ಥೆ.

ಇಂಥ ದಾಖಲೆ ದೇಶದಲ್ಲಿ ವ್ಯಾಪಕವಾಗಿ ಚರ್ಚೆಗೆ ಬಂದದ್ದು ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ಅವರ ಸಾವಿನ ಬಳಿಕ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯ ಸೂರ್ಯಾ ನದಿಯ ಸೇತುವೆಯಲ್ಲಿ ಅಪಘಾತ ಸಂಭವಿಸಿತು. ಚೆಕ್‌ಪೋಸ್ಟಿನ ಕ್ಯಾಮೆರಾ ಆಧಾರದ ಮೇಲೆ ಕಾರು ಸುಮಾರು 20 ಕಿ.ಮೀ.ಗಳನ್ನು 9 ನಿಮಿಷಗಳಲ್ಲಿ ಕ್ರಮಿಸಿತ್ತೆಂದು ಪೊಲೀಸರು ಹೇಳಿದ್ದರು. ಅಂದರೆ ಸರಾಸರಿ ವೇಗ ಗಂಟೆಗೆ 130 ಕಿ.ಮೀ.ಗೂ ಹೆಚ್ಚು. ಕಾರಿನ ತಯಾರಕರು ದಾಖಲೆ ಓದಿ ಪೊಲೀಸರಿಗೆ ಸಲ್ಲಿಸಿದ ಪ್ರಾಥಮಿಕ ವರದಿಯ ಪ್ರಕಾರ ಡಿಕ್ಕಿಗೆ ಐದು ಸೆಕೆಂಡು ಮುಂಚೆ ವೇಗ 100 ಕಿ.ಮೀ. ಇತ್ತು, ಬ್ರೇಕ್ ತುಳಿದ ಬಳಿಕ ಡಿಕ್ಕಿಯ ವೇಳೆಗೆ ಅದು 89 ಕಿ.ಮೀ.ಗೆ ಇಳಿದಿತ್ತು. ಈ ಎರಡು ಮಾಹಿತಿಗಳಲ್ಲಿ ವಿರೋಧವಿಲ್ಲ. ಮೊದಲನೆಯದು ಒಂಬತ್ತು ನಿಮಿಷಗಳ ಸರಾಸರಿ, ಎರಡನೆಯದು ಕೊನೆಯ ಐದು ಸೆಕೆಂಡುಗಳ ಲೆಕ್ಕ.

ಸಾಮಾನ್ಯ ಅಪಘಾತ ಪ್ರಕರಣಗಳಲ್ಲಿ ಎಫ್‌ಐಆರ್, ಸ್ಥಳ ಮಹಜರು, ನಕ್ಷೆ ಹಾಗೂ ಮೋಟಾರು ವಾಹನ ನಿರೀಕ್ಷಕರ ವರದಿ ಇವೇ ಆಧಾರಗಳು. ನಿರೀಕ್ಷಕರು ಜಖಂ ಆದ ಭಾಗಗಳನ್ನೂ ಬ್ರೇಕಿನ ಸ್ಥಿತಿಯನ್ನೂ ನೋಡಿ ಬರೆದ ಮೇಲೆ ಕಾರನ್ನು ಬಿಡಿಸಿಕೊಳ್ಳಲಾಗುತ್ತದೆ. ದಾಖಲೆ ನಾಶವಾಗುವುದು ಹೆಚ್ಚಾಗಿ ಅನಂತರದ ದಿನಗಳಲ್ಲಿ. ಗ್ಯಾರೇಜಿನಲ್ಲಿ ಹಳೆಯ ಏರ್‌ಬ್ಯಾಗ್ ಘಟಕ ತೆಗೆದು ಹೊಸದನ್ನು ಹಾಕುತ್ತಾರೆ. ಖರ್ಚು ಉಳಿಸಲು ಹಳೆಯದರ ಸ್ಮೃತಿಯನ್ನೇ ಅಳಿಸಿ ಮರಳಿ ಜೋಡಿಸುವವರೂ ಇದ್ದಾರೆ. ದುರಸ್ತಿಗೆ ಯೋಗ್ಯವಲ್ಲವೆಂದು ವಿಮೆ ಇತ್ಯರ್ಥವಾದ ಕಾರು ಗುಜರಿಗೆ ಹೋಗುತ್ತದೆ.

ಕುಟುಂಬದವರು ಮಾಡಬೇಕಾದುದು

ಸಾವು ಅಥವಾ ಗಂಭೀರ ಗಾಯ ಸಂಭವಿಸಿ ತಪ್ಪು ಯಾರದೆಂಬ ವಿವಾದವಿದ್ದಲ್ಲಿ ಈ ಕೆಳಗಿನ ಕ್ರಮಗಳು ಉಪಯುಕ್ತ.

- ಕಾರಿನ ಕೈಪಿಡಿಯಲ್ಲಿ ಇಡಿಆರ್ ಕುರಿತ ಉಲ್ಲೇಖವಿದೆಯೇ ಎಂದು ನೋಡಬೇಕು.
- ಏರ್‌ಬ್ಯಾಗ್ ಘಟಕವನ್ನು ಬಿಚ್ಚದೆ, ಅಳಿಸದೆ ಕಾಪಾಡುವಂತೆ ತನಿಖಾಧಿಕಾರಿ, ಗ್ಯಾರೇಜ್ ಮತ್ತು ವಿಮಾ ಕಂಪನಿಗೆ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಎದುರು ಪಕ್ಷದ ಕಾರಾಗಿದ್ದರೂ ತನಿಖಾಧಿಕಾರಿಗೆ ಇಂಥ ಮನವಿ ಸಲ್ಲಿಸಬಹುದು.
- ಘಟಕವನ್ನು ತೆಗೆಯಲೇಬೇಕಾದಲ್ಲಿ ಮಹಜರು ನಡೆಸಿ, ಕ್ರಮಸಂಖ್ಯೆ ಬರೆದು, ಮೊಹರು ಮಾಡಿಸಬೇಕು.
- ತಯಾರಕರು ಮಾಹಿತಿ ನೀಡಲು ಹಿಂಜರಿದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮಿನಡಿ ನ್ಯಾಯಾಲಯ ಅಥವಾ ಪೊಲೀಸ್ ಠಾಣಾಧಿಕಾರಿ ಅದನ್ನು ಹಾಜರುಪಡಿಸಲು ಸೂಚಿಸಬಹುದು. ಪರಿಹಾರದ ಪ್ರಕರಣಗಳಲ್ಲಿ ಮೋಟಾರು ವಾಹನ ಕಾಯಿದೆಯ 169ನೇ ಕಲಮು ನ್ಯಾಯಮಂಡಳಿಗೆ ದಾಖಲೆಗಳನ್ನು ತರಿಸಿಕೊಳ್ಳುವ ಅಧಿಕಾರ ನೀಡಿದೆ.
- ಓದಿದ ವರದಿಯನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಮಿನ ಪ್ರಮಾಣಪತ್ರ ಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಈ ಅಧಿನಿಯಮದಂತೆ ಪ್ರಮಾಣಪತ್ರದ ಒಂದು ಭಾಗವನ್ನು ದಾಖಲೆ ಹಾಜರುಪಡಿಸುವವರೂ ಮತ್ತೊಂದನ್ನು ತಜ್ಞರೂ ತುಂಬಬೇಕು.

ಸಾಕ್ಷ್ಯದ ಮಿತಿ

ಯಂತ್ರ ಹೇಳಿದ್ದೆಲ್ಲವೂ ಪೂರ್ಣಸತ್ಯವೆಂದು ಭಾವಿಸುವುದು ತಪ್ಪು. ಇಡಿಆರ್ ತೋರಿಸುವ ವೇಗ ಚಕ್ರ ಅಥವಾ ಗೇರ್‌ಬಾಕ್ಸ್‌ನ ತಿರುಗುವಿಕೆಯಿಂದ ಲೆಕ್ಕ ಹಾಕಿದ್ದು. ಚಕ್ರ ಸ್ತಬ್ಧಗೊಂಡು ಕಾರು ಜಾರುತ್ತಿದ್ದರೆ ನಿಜಕ್ಕಿಂತ ಕಡಿಮೆ ವೇಗ ದಾಖಲಾಗುತ್ತದೆ. ಕೆಸರಿನಲ್ಲಿ ಚಕ್ರ ಸುಮ್ಮನೆ ತಿರುಗಿದರೆ ಹೆಚ್ಚು ದಾಖಲಾಗುತ್ತದೆ. ಕಂಪನಿ ನಿಗದಿಪಡಿಸಿದ ಅಳತೆಗಿಂತ ಭಿನ್ನವಾದ ಟೈರ್ ಹಾಕಿಸಿದ್ದರೂ ವ್ಯತ್ಯಾಸವಾಗುತ್ತದೆ. ಗಂಟೆಗೆ 90 ಕಿ.ಮೀ. ವೇಗದಲ್ಲಿ ಅರ್ಧ ಸೆಕೆಂಡಿಗೆ ಕಾರು ಹನ್ನೆರಡೂವರೆ ಮೀಟರ್ ಸಾಗುವುದರಿಂದ ಎರಡು ದಾಖಲೆಗಳ ನಡುವೆ ನಡೆದದ್ದು ಕೈತಪ್ಪಬಹುದು. ಡಿಕ್ಕಿಯ ರಭಸಕ್ಕೆ ವಿದ್ಯುತ್ ಕಡಿತವಾದರೆ ದಾಖಲೆ ಅರ್ಧಕ್ಕೇ ನಿಲ್ಲುವುದೂ ಉಂಟು.

ಆದುದರಿಂದ ರಸ್ತೆಯ ಮೇಲಿನ ಟೈರ್ ಗುರುತು, ಕಾರುಗಳು ನಿಂತ ಸ್ಥಾನ, ಜಖಂ ಆದ ರೀತಿ, ಪ್ರತ್ಯಕ್ಷದರ್ಶಿಗಳ ಹೇಳಿಕೆ ಇವುಗಳ ಜೊತೆಗಿಟ್ಟು ನೋಡಿದಾಗಲೇ ಇಡಿಆರ್ ವರದಿಗೆ ಅರ್ಥ ಬರುತ್ತದೆ. ಮಳೆ ಬಂದರೆ ಟೈರ್ ಗುರುತು ಅಳಿಸಿಹೋಗುತ್ತದೆ. ದಿನ ಕಳೆದಂತೆ ಸಾಕ್ಷಿಗಳ ನೆನಪು ಮಸುಕಾಗುತ್ತದೆ. ಏರ್‌ಬ್ಯಾಗ್ ಬಿಚ್ಚಿಕೊಂಡ ಅಪಘಾತದ ದಾಖಲೆಯಾದರೋ ಘಟಕ ಸುರಕ್ಷಿತವಾಗಿರುವವರೆಗೆ ಉಳಿದಿರುತ್ತದೆ. ಕಾರನ್ನು ಗ್ಯಾರೇಜಿಗೆ ಒಪ್ಪಿಸುವ ಮುನ್ನ ಸಲ್ಲಿಸುವ ಒಂದು ಪುಟದ ಮನವಿ ಅದನ್ನು ಉಳಿಸಿಕೊಡಬಲ್ಲದು.