ಒಂದೇ ನೀರು, ಎರಡು ವಿದ್ಯುದಾಗಾರ

ಚೆನ್ನೈಯಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಕಾವೇರಿಯ ಹೆಸರನ್ನು ಕೇಳುವುದು ಹೆಚ್ಚಾಗಿ ಎರಡು ರಾಜ್ಯಗಳ ವ್ಯಾಜ್ಯದ ಸುದ್ದಿಯಲ್ಲಿ. ಶಾಲೆಯಲ್ಲಿ ಜಲವಿದ್ಯುತ್ತಿನ ಪಾಠ ಬಂದಾಗ ಅದೇ ನದಿಯ ಇನ್ನೊಂದು ಚರಿತ್ರೆಯನ್ನು ನಾವು ಅವರಿಗೆ ಹೇಳಬಹುದು.

ತತ್ತ್ವವನ್ನು ವಿವರಿಸಲು ಕೀಲ್ಪಾಕ್ ಬಿಟ್ಟು ಹೋಗಬೇಕಾಗಿಲ್ಲ. 1914ರಷ್ಟು ಹಳೆಯದಾದ ಇಲ್ಲಿನ ನೀರು ಸರಬರಾಜು ಕೇಂದ್ರದಲ್ಲಿ ಇಂದು ವಿದ್ಯುತ್ತು ನೀರನ್ನು ಮೇಲಕ್ಕೆತ್ತುತ್ತದೆ. ವಿದ್ಯುದಾಗಾರದಲ್ಲಿ ನಡೆಯುವುದು ಇದಕ್ಕೆ ವಿರುದ್ಧವಾದ ಕ್ರಿಯೆ: ಮೇಲಿಂದ ಇಳಿಯುವ ನೀರು ಟರ್ಬೈನನ್ನು ತಿರುಗಿಸುತ್ತದೆ, ಟರ್ಬೈನು ಜನರೇಟರನ್ನು ತಿರುಗಿಸುತ್ತದೆ. ಸೆಕೆಂಡಿಗೆ 1 ಘನ ಮೀಟರಿನಂತೆ ನೀರು 100 ಮೀಟರ್ ಇಳಿದರೆ ದೊರೆಯುವ ಶಕ್ತಿ ಸುಮಾರು 980 ಕಿಲೋವ್ಯಾಟ್. ಯಂತ್ರಗಳಲ್ಲಿ ನಷ್ಟವಾದದ್ದನ್ನು ಕಳೆದರೆ ಉಳಿಯುವುದೇ ವಿದ್ಯುತ್ತು.

ಕಾವೇರಿ ಈ ಕೆಲಸವನ್ನು ಆರಂಭಿಸಿದ್ದು 1902ರಲ್ಲಿ, ಶಿವನಸಮುದ್ರದಲ್ಲಿ. ಯೋಜನೆಯ ಹಿಂದಿದ್ದವರು ದಿವಾನ್ ಶೇಷಾದ್ರಿ ಅಯ್ಯರ್ ಮತ್ತು ಎಂಜಿನಿಯರ್ ಲೋಟ್‌ಬಿನಿಯೇರ್. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ್ದ ಅಯ್ಯರ್ 1901ರಲ್ಲೇ ತೀರಿಕೊಂಡರು. ಯಂತ್ರಗಳು ತಿರುಗಿದ್ದನ್ನು ಕಾಣಲಿಲ್ಲ. ಮೊದಲ ವಿದ್ಯುತ್ತು ಊರುಗಳ ಮನೆಗಳಿಗೆ ಹೋಗಲಿಲ್ಲ. ಸುಮಾರು 92 ಮೈಲಿ ತಂತಿಯಲ್ಲಿ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. ಬೆಂಗಳೂರಿನ ಬೀದಿಗಳು ಬೆಳಗಿದ್ದು 1905ರಲ್ಲಿ. ಬೇಸಿಗೆಯಲ್ಲಿ ಹೊಳೆ ಬತ್ತಿದರೂ ಗಣಿಗೆ ವಿದ್ಯುತ್ತು ಬೇಕೇ ಬೇಕು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾದುದರ ಹಿಂದೆ ಬೇಸಾಯದ ಜೊತೆಗೆ ಈ ಕಾರಣವೂ ಇತ್ತು.

ಮೈಸೂರು ಮತ್ತು ಮದರಾಸುಗಳ ನಡುವೆ 1924ರಲ್ಲಿ ಒಪ್ಪಂದವಾಯಿತು. 1934ರಲ್ಲಿ ಮೆಟ್ಟೂರು ಅಣೆಕಟ್ಟು ಪೂರ್ಣಗೊಂಡಿತು. ಶಿವನಸಮುದ್ರದ ಟರ್ಬೈನಿನಿಂದ ಹೊರಬಿದ್ದ ನೀರು ನದಿಯನ್ನು ಸೇರಿ, ಮೆಟ್ಟೂರಿನಲ್ಲಿ ನಿಂತು, ಅಲ್ಲಿಯೂ ಟರ್ಬೈನನ್ನು ತಿರುಗಿಸಿ, ಬಳಿಕ ಗದ್ದೆಗಳಿಗೆ ಹರಿಯುತ್ತದೆ. ಟರ್ಬೈನು ನೀರನ್ನು ಕುಡಿಯುವುದಿಲ್ಲ. ನೀರು ಬೀಳುವಾಗಿನ ಶಕ್ತಿಯನ್ನಷ್ಟೇ ಪಡೆದು ನೀರನ್ನು ಮುಂದಕ್ಕೆ ಬಿಡುತ್ತದೆ. ಗದ್ದೆ ಹೀರಿದ ನೀರಾದರೋ ಬಹುಪಾಲು ಮರಳುವುದಿಲ್ಲ. ವ್ಯಾಜ್ಯದ ಮೂಲ ಮುಖ್ಯವಾಗಿ ಅಲ್ಲಿದೆ. ಕಟ್ಟೆಯಿಂದ ನೀರನ್ನು ಯಾವಾಗ ಬಿಡಬೇಕೆಂಬ ಪ್ರಶ್ನೆಯಲ್ಲಿಯೂ ಇದೆ.

ಈ ವ್ಯತ್ಯಾಸ ತಿಳಿದ ಮಗುವಿಗೆ ಸುದ್ದಿಯೂ ಬೇರೆಯಾಗಿ ಕೇಳಿಸುತ್ತದೆ. ಆದುದರಿಂದ ಪಾಠದ ದಿನ ಮಕ್ಕಳ ಮುಂದೆ ದಕ್ಷಿಣ ಭಾರತದ ಭೂಪಟವನ್ನು ಹರಡೋಣ. ತಲಕಾವೇರಿಯಿಂದ ಸಮುದ್ರದವರೆಗೆ ಅವರು ಬೆರಳಾಡಿಸಲಿ. ಶಿವನಸಮುದ್ರದ ಬಳಿ 1902 ಎಂದೂ ಮೆಟ್ಟೂರಿನ ಬಳಿ 1934 ಎಂದೂ ಬರೆಯಲಿ. ಕೋಲಾರದ ಗಣಿಗಳಿಗೊಂದು ಗೆರೆ ಎಳೆಯಲಿ.