ದುರ್ಗದವರು ಸೋಷಲಿಸ್ಟರಿಗೆ ಯಾಕೆ ಓಟು ಹಾಕಿದ್ರು?

(1/5)
ಸಮಾಜವಾದ ಅಂದ ತಕ್ಷಣ ನಮ್ಮ ತಲೆಗೆ ಬರೋದು ಬಡವರು, ಬಾವುಟ, ಮುಷ್ಕರ. ಆದ್ರೆ ನಮ್ಮ ಜಿಲ್ಲೆಯ ಹಳೇ ಚುನಾವಣೆಗಳನ್ನ ನೋಡಿದ್ರೆ ಲೆಕ್ಕ ಅಷ್ಟು ಸಲೀಸಾಗಿ ಟ್ಯಾಲಿ ಆಗಲ್ಲ. 1952ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಹೋದವರು ಕಾಂಗ್ರೆಸ್ಸಿನ ಎಸ್. ನಿಜಲಿಂಗಪ್ಪ. 1957ರಲ್ಲಿ ಅದೇ ಸೀಟು ಪ್ರಜಾ ಸೋಷಲಿಸ್ಟ್ ಪಕ್ಷಕ್ಕೆ ಹೋಯ್ತು, ಗೆದ್ದವರು ಜಗಳೂರಿನ ಜೆ. ಮೊಹಮದ್ ಇಮಾಂ. ಆಗ ರಾಜ್ಯದ ಮುಖ್ಯಮಂತ್ರಿ ಯಾರು ಗೊತ್ತಾ? ನಿಜಲಿಂಗಪ್ಪನವರೇ!

ಅಷ್ಟಕ್ಕೇ ನಿಲ್ಲಲಿಲ್ಲ. 1962ರಲ್ಲಿ ಅವರು ಹೊಸದುರ್ಗದಲ್ಲಿ ನಿಂತು ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪನವರ ಎದುರು ಸೋತರು. ಎಸ್.ಆರ್. ಕಂಠಿ ಮೂರು ತಿಂಗಳಷ್ಟು ಕಾಲ ಮುಖ್ಯಮಂತ್ರಿ ಆಗಿದ್ದು ಈ ಸೋಲಿನಿಂದಲೇ. ನಿಜಲಿಂಗಪ್ಪ ಬಾಗಲಕೋಟೆಯಿಂದ ಗೆದ್ದು ಬಂದಮೇಲೆ ಕಂಠಿ ಕುರ್ಚಿ ಬಿಟ್ಟುಕೊಟ್ರು. (ಈಗಿನ ಕಾಲದಲ್ಲಿ ಊಹಿಸಿಕೊಳ್ಳಿ ನೋಡೋಣ!)

ಹಾಗಾದ್ರೆ ಇಲ್ಲಿನ ಜನ ಎಲ್ಲಾ ಸಮಾಜವಾದಿಗಳಾ?

(2/5)
ಮೊದಲು ಪಕ್ಕದ ಮಲೆನಾಡಿಗೆ ಹೋಗೋಣ. ಸಾಗರ ತಾಲೂಕಿನ ಕಾಗೋಡು, ಏಪ್ರಿಲ್ 1951. ಜಗಳ ಶುರುವಾಗಿದ್ದು ಕೊಳಗದಿಂದ. ಗೇಣಿ ಭತ್ತ ಅಳೆಯೋಕೆ ಒಡೆಯರು ಬಳಸ್ತಿದ್ದ ಕೊಳಗ ದೊಡ್ಡದು, ಹೆಚ್ಚಾದ ಭತ್ತವೆಲ್ಲ ಗೇಣಿದಾರನ ಕೈಬಿಡ್ತಿತ್ತು. ದೀವರ ರೈತರನ್ನ ಎಚ್. ಗಣಪತಿಯಪ್ಪ ಸಂಘಟಿಸಿದ್ರು, ಸೋಷಲಿಸ್ಟ್ ಪಕ್ಷದ ಶಾಂತವೇರಿ ಗೋಪಾಲಗೌಡ್ರು ಜೊತೆ ನಿಂತ್ರು, ರಾಮಮನೋಹರ ಲೋಹಿಯಾ ಬಂದು ಬಂಧನವಾದ್ರು. ಆ ರೈತರಿಗೆ ಸಮಾಜವಾದ ಅಂದ್ರೆ ಪುಸ್ತಕ ಅಲ್ಲ. ಸರಿಯಾದ ಅಳತೆ, ಉಳೋ ಭೂಮಿ ಮೇಲೆ ಹಕ್ಕು, ಒಡೆಯರ ಮುಂದೆ ತಲೆ ಎತ್ತಿ ನಿಲ್ಲೋ ಧೈರ್ಯ. ಮರುವರ್ಷವೇ ಗೋಪಾಲಗೌಡ್ರು ಶಾಸಕರಾದ್ರು.

(3/5)
ಆದ್ರೆ ಅದೇ ಲೋಹಿಯಾ ಹಿಂದೆ ಹೋದ ಜೆ.ಎಚ್. ಪಟೇಲ್ ಗೇಣಿದಾರರಲ್ಲ, ಚನ್ನಗಿರಿ ತಾಲೂಕಿನ ಕಾರಿಗನೂರಿನ ಜಮೀನ್ದಾರಿ ಮನೆಯವರು, ಲಾ ಓದಿದವರು. ಇಂಥವರನ್ನ ಸೆಳೆದಿದ್ದು ಬೇರೆ ವಿಷಯ ಅನ್ಸುತ್ತೆ ನಂಗೆ. ಜಾತಿ ಮತ್ತು ಇಂಗ್ಲಿಷ್ ಎರಡೂ ಅಧಿಕಾರದ ಬೇಲಿಗಳು ಅಂತ ಲೋಹಿಯಾ ಹೇಳ್ತಿದ್ರು. 1967ರಲ್ಲಿ ಸಂಸದರಾದ ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದ್ದು ಈ ವಿಚಾರದ ಮುಂದುವರಿಕೆ. ಅನಂತಮೂರ್ತಿ, ಲಂಕೇಶ್, ತೇಜಸ್ವಿ ಈ ಕಡೆ ವಾಲಿದ್ದೂ ಹೀಗೇ. ಹೊಟ್ಟೆ ಹಸಿವಿನಿಂದ ಬಂದವರಲ್ಲ ಇವರು.

(4/5)
ಈಗ ನಮ್ಮ ಇಮಾಂ ಸಾಹೇಬ್ರ ಕಡೆ ವಾಪಸ್ ಬನ್ನಿ, ಟ್ವಿಸ್ಟ್ ಇರೋದು ಇಲ್ಲೇ. 1967ರಲ್ಲಿ ಅವರು ಮತ್ತೆ ಚಿತ್ರದುರ್ಗದಿಂದ ಗೆದ್ರು, ಆದ್ರೆ ಈ ಸಲ ಸ್ವತಂತ್ರ ಪಕ್ಷದಿಂದ! ರಾಜಾಜಿ 1959ರಲ್ಲಿ ಕಟ್ಟಿದ ಆ ಪಕ್ಷ ಇದ್ದದ್ದೇ ಕಾಂಗ್ರೆಸ್ಸಿನ ಸಮಾಜವಾದವನ್ನ ವಿರೋಧಿಸೋಕೆ. ಹತ್ತು ವರ್ಷದಲ್ಲಿ ಎಡದಿಂದ ಬಲಕ್ಕೆ, ಕ್ಷೇತ್ರ ಮಾತ್ರ ಅದೇ. ಮತದಾರರು ಸಿದ್ಧಾಂತ ಬದಲಿಸಿದ್ರಾ? ನಂಗಂತೂ ನಂಬಿಕೆ ಇಲ್ಲ. ಇಲ್ಲಿ ಅನೇಕರಿಗೆ ಸೋಷಲಿಸ್ಟ್ ಅಂದ್ರೆ 'ಕಾಂಗ್ರೆಸ್ ಅಲ್ಲದವನು', ಪರಿಚಯದ ಮನುಷ್ಯ. ಹಿರಿಯೂರಿನ ವಾಣಿವಿಲಾಸ ಸಾಗರದ ನೀರು ಹರಿಯೋ ಕಡೆ ಬಿಟ್ರೆ ನಮ್ಮದು ಮಳೆ ನಂಬಿದ ಬಯಲು. ಕಾಗೋಡಿನ ಥರದ ಕೊಳಗದ ಜಗಳವೇ ಇಲ್ಲಿನ ಓಟಿಗೂ ಕಾರಣ ಅನ್ನೋಕಾಗಲ್ಲ.

(5/5)
ಬಿಕಾಂನವರಿಗೆ ಸ್ಪೆಷಲ್: 19 ಜುಲೈ 1969, 14 ಬ್ಯಾಂಕುಗಳ ರಾಷ್ಟ್ರೀಕರಣ. ನಮ್ಮ ಕೆನರಾ, ಸಿಂಡಿಕೇಟ್ ಎರಡೂ ಆ ಪಟ್ಟಿಯಲ್ಲಿದ್ವು. ಆಗ ಕಾಂಗ್ರೆಸ್ ಅಧ್ಯಕ್ಷರು ನಿಜಲಿಂಗಪ್ಪ. ಅದೇ ನವೆಂಬರಿನಲ್ಲಿ ಇಂದಿರಾ ಗಾಂಧಿಯವರನ್ನ ಪಕ್ಷದಿಂದ ಹೊರಹಾಕಿದವರೂ ಅವರೇ. ಇಂದಿರಾಗೆ ಸಮಾಜವಾದ ನಂಬಿಕೆಯೂ ಇರಬಹುದು, ಹಿರಿಯರನ್ನ ಬದಿಗೆ ಸರಿಸೋ ಅಸ್ತ್ರ ಅಂತೂ ಹೌದು. ಆದ್ರೆ ಅದೇ ಬಣದ ದೇವರಾಜ ಅರಸು ರಾಜಮನೆತನದ ನಂಟಿರೋ ಸಮುದಾಯದಿಂದ ಬಂದು, 1974ರ ಮಾರ್ಚಿನಲ್ಲಿ ಗೇಣಿ ಪದ್ಧತಿ ಕೊನೆಗಾಣಿಸೋ ಕಾನೂನು ಜಾರಿ ಮಾಡಿದ್ರು. ಗೋಪಾಲಗೌಡ್ರು ಅದನ್ನ ನೋಡೋಕೆ ಉಳಿದಿರಲಿಲ್ಲ, 1972ರಲ್ಲೇ ತೀರಿಕೊಂಡಿದ್ರು.

ಹೊಸದುರ್ಗ, ಹೊಳಲ್ಕೆರೆ ಕಡೆಯವರೇ, ನಿಮ್ಮ ಮನೇಲಿ 85 ದಾಟಿದ ಅಜ್ಜ-ಅಜ್ಜಿ ಇದ್ರೆ ಒಂದ್ ಕೆಲಸ ಮಾಡಿ. 1962ರಲ್ಲಿ ಓಟು ಯಾರಿಗೆ, ಯಾಕೆ ಅಂತ ಕೇಳಿ ಕಾಮೆಂಟಲ್ಲಿ ಹಾಕಿ. ಹೆಸರು ಬೇಡ, ಕಾರಣ ಸಾಕು.

#ದುರ್ಗದಇತಿಹಾಸ #ಹೊಸದುರ್ಗ #ಕಾಗೋಡು